ಊರಿನ ವಾಚನಾಲಯದಲ್ಲಿ ಕನ್ನಡದ ಕಪಾಟು: ಎಲ್ಲಿಂದ ಶುರು ಮಾಡುವುದು?

ನಮ್ಮ ಕಾಸರಗೋಡು ಜಿಲ್ಲೆಯ ಪೈವಳಿಕೆ, ಎಣ್ಮಕಜೆ, ಬೆಳ್ಳೂರು ಕಡೆ ಕನ್ನಡ ಗ್ರಂಥಾಲಯದ ಮಾತೆದ್ದರೆ ಮೊದಲು ಕಟ್ಟಡದ ಚರ್ಚೆಯೇ ಶುರುವಾಗುತ್ತದೆ. ಅದನ್ನು ಬದಿಗಿಡಿ. ಹತ್ತಿರದಲ್ಲೇ, ವಾಚನಾಲಯಗಳಿಗೆ ಗ್ರಾಂಟ್ ಕೊಡುವ ಕೇರಳ ರಾಜ್ಯ ಲೈಬ್ರರಿ ಕೌನ್ಸಿಲಿನ ಅಂಗೀಕಾರ ಪಡೆದ ವಾಚನಾಲಯ ಇದೆಯೇ ಎಂದು ನೋಡಿ. ಇದ್ದರೆ ಸದಸ್ಯರಾಗಿ, ಮಹಾಸಭೆಗೆ ಹೋಗಿ, ಕನ್ನಡ ಓದುವ ಇಬ್ಬರನ್ನಾದರೂ ಆಡಳಿತ ಸಮಿತಿಗೆ ಆರಿಸಿ ತನ್ನಿ. ಯಾವ ಪುಸ್ತಕ ಕೊಳ್ಳುವುದೆಂದು ತೀರ್ಮಾನವಾಗುವುದು ಅಲ್ಲಿಯೇ. ಪಂಚಾಯತಿಗೆ ಕಟ್ಟುವ ಕಟ್ಟಡ ತೆರಿಗೆಯ ಪ್ರತಿ ರೂಪಾಯಿಗೆ 5 ಪೈಸೆ ಗ್ರಂಥಾಲಯ ಸೆಸ್ ಎಂದು 1989ರ ಕಾನೂನು ಹೇಳುತ್ತದೆ. ಆ ಪೈಸೆ ನಮ್ಮದೂ ಹೌದು, ಕೇಳಲು ಸಂಕೋಚ ಬೇಡ.

ವಾಚನಾಲಯವೇ ಇಲ್ಲದ ಊರಾದರೆ ಮೊದಲು ಸಂಘ ನೋಂದಣಿ. ತೆಂಕಣ ಜಿಲ್ಲೆಯ ಗೆಳೆಯರಿಂದ ನಿಯಮಾವಳಿಯ ಪ್ರತಿ ತರಿಸಿಕೊಳ್ಳಬೇಡಿ. ಅಲ್ಲಿಯದು 1955ರ ತಿರುವಾಂಕೂರು-ಕೊಚ್ಚಿ ಕಾನೂನು. ಮದ್ರಾಸು ಪ್ರಾಂತದಲ್ಲಿದ್ದ ನಮಗೆ 1860ರ ಸೊಸೈಟಿ ಕಾನೂನು. ನೋಂದಣಿಯಾದ ಮೇಲೆ ತಾಲೂಕು ಲೈಬ್ರರಿ ಕೌನ್ಸಿಲಿಗೆ ಅರ್ಜಿ ಕೊಡಿ.

ಇನ್ನು ಪುಸ್ತಕ. ‘ಹಳೆ ಪುಸ್ತಕ ದಾನ ಮಾಡಿ’ ಎಂಬ ಕರೆಯಿಂದ ಮಾತ್ರ ಶುರು ಮಾಡಬೇಡಿ. ಬರುವುದು ಯಾರೋ ಮನೆ ಖಾಲಿ ಮಾಡುವಾಗ ಬೇಡವೆನಿಸಿದ್ದು: ಸನ್ಮಾನದ ಸ್ಮರಣ ಸಂಚಿಕೆಗಳು, ಹತ್ತು ವರ್ಷ ಹಿಂದಿನ ಪಠ್ಯಪುಸ್ತಕ. ಬದಲಿಗೆ ಹಾಲಿನ ಸೊಸೈಟಿ, ಶಾಲೆ, ಬೀಡಿ ಕಟ್ಟುವ ಮನೆಗಳಲ್ಲಿ ಏನು ಬೇಕೆಂದು ಕೇಳಿ ಬರೆದುಕೊಳ್ಳಿ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ಪ್ರಸಂಗ ಪುಸ್ತಕ ಕೇಳುವವರು ಖಂಡಿತ ಸಿಗುತ್ತಾರೆ. ಕನ್ನಡ-ಮಲಯಾಳ ಎರಡೂ ಬಲ್ಲವರಿಗಾಗಿಯೇ ಇರುವ ಕ್ಲಾರ್ಕ್ ಹುದ್ದೆಗೆ ಓದುವವರಿಗೆ ಪಿಎಸ್‌ಸಿ (ಸರ್ಕಾರಿ ನೇಮಕಾತಿ ಪರೀಕ್ಷೆ) ಗೈಡ್ ಬೇಕು. ಮಕ್ಕಳಿಗೆ ಚಿತ್ರದ ಪುಸ್ತಕ, ದೊಡ್ಡವರಿಗೆ ಕಾದಂಬರಿ. ಪಟ್ಟಿ ಕೈಯಲ್ಲಿದ್ದರೆ ಮಂಗಳೂರಿನ ಅಂಗಡಿಯಲ್ಲೂ ಕನ್ನಡ ಪುಸ್ತಕ ಪ್ರಾಧಿಕಾರದ ರಿಯಾಯಿತಿ ಮಾರಾಟದಲ್ಲೂ ದುಡ್ಡು ದಂಡವಾಗುವುದಿಲ್ಲ.

ಕನ್ನಡ ಕಪಾಟು ಧೂಳು ಹಿಡಿಯುವುದಕ್ಕೆ ಓದುಗರ ಕೊರತೆಯೊಂದೇ ಕಾರಣವಲ್ಲ. ಗ್ರಂಥಪಾಲಕರಿಗೆ ಕನ್ನಡ ಓದಲು ಬಾರದಿದ್ದರೆ ಕೇಳಿದ ಪುಸ್ತಕ ಹುಡುಕಿಕೊಡುವುದಾದರೂ ಹೇಗೆ? ಸ್ಟಾಕ್ ರಿಜಿಸ್ಟರಿನಲ್ಲೂ ಬೆನ್ನಿನ ಚೀಟಿಯಲ್ಲೂ ಹೆಸರನ್ನು ಎರಡು ಲಿಪಿಗಳಲ್ಲಿ ಬರೆಯಿರಿ. ಮಲಯಾಳದಲ್ಲೂ ಅ-ಆ-ಇ-ಈ, ಕ-ಖ-ಗ ಅದೇ ಸಾಲು, ಹಾಗಾಗಿ ಅಕಾರಾದಿಯಲ್ಲಿ ಜೋಡಿಸಿದರೆ ಎರಡೂ ಲಿಪಿಯವರಿಗೆ ಸಿಗುತ್ತದೆ. ಪುಸ್ತಕಗಳನ್ನು ವಿಷಯಕ್ಕೊಂದು ಅಂಕೆ ಕೊಟ್ಟು ವಿಂಗಡಿಸುವ ಡ್ಯೂಯಿ ಕ್ರಮ ಅನುಸರಿಸುವ ಕಡೆ ಕನ್ನಡ ಸಾಹಿತ್ಯಕ್ಕೆ 894.814, ಮಲಯಾಳಕ್ಕೆ 894.812. ಪುಟ್ಟ ವಾಚನಾಲಯಕ್ಕೆ ಇಷ್ಟೆಲ್ಲ ಬೇಡ. ಕಥೆ, ಪ್ರಸಂಗ, ಮಕ್ಕಳದು ಎಂದು ಬಣ್ಣದ ಕಾಗದ ಅಂಟಿಸಿದರೆ ಸಾಕು.

ಮಳೆಗಾಲಕ್ಕೆ ಮುನ್ನ ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆಯಿರಿ, ಕೆಳಗಿನ ಹಲಗೆ ಖಾಲಿ ಬಿಡಿ. ಗೆದ್ದಲು ಬರುವುದು ಅಲ್ಲಿಂದಲೇ.

ಪುಸ್ತಕ ಒಯ್ದವರ ಹೆಸರು ಆಯಾ ದಿನವೇ ರಿಜಿಸ್ಟರಿಗೆ ಏರಲಿ. ವಾಚನಾಲಯದ ಗ್ರೇಡ್ ನಿರ್ಧರಿಸಲು ಲೈಬ್ರರಿ ಕೌನ್ಸಿಲಿನಿಂದ ಬರುವವರು ನೋಡುವುದು ಅದನ್ನು, ಗ್ರಾಂಟ್ ನಿಂತಿರುವುದು ಗ್ರೇಡಿನ ಮೇಲೆ. ಕೇರಳದ ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ತೀರಿಕೊಂಡ ಜೂನ್ 19 ಇಲ್ಲಿ ವಾಚನ ದಿನ. ಆ ವಾರ ಕನ್ನಡ ಮಾಧ್ಯಮದ ಶಾಲೆಗೆ ಹೋಗಿ, ಮೇಷ್ಟ್ರ ಒಪ್ಪಿಗೆ ಪಡೆದು, ಮಕ್ಕಳ ಸದಸ್ಯತ್ವದ ಅರ್ಜಿಗಳನ್ನು ತರಗತಿಯಲ್ಲೇ ತುಂಬಿಸಿ ತನ್ನಿ. ಬಾಗಿಲು ತೆರೆಯುವ ಹೊತ್ತು ಶಾಲೆ ಬಿಟ್ಟ ಮೇಲಿನದಾಗಿರಲಿ, ಕೊನೆಯ ಬಸ್ಸಿಗೆ ಮುಂಚಿನದೂ ಆಗಿರಲಿ.