ಹೆಣದ ಪಂಚನಾಮೆಗೆ ಕರೆದರೆ: ಪಂಚರಾಗಿ ಏನು ನೋಡಬೇಕು, ಏನು ಬರೆಸಬೇಕು

ಬಿದ್ದ, ಹಾರಿದ, ದೂಡಿದರು. ಬಾವಿಯಲ್ಲಿ ಹೆಣ ಸಿಕ್ಕಿತು ಅಂದರೆ ನೆರೆದವರ ಬಾಯಲ್ಲಿ ಬರುವುದು ಈ ಮೂರರಲ್ಲಿ ಒಂದು ಮಾತು. ಬಿದ್ದರೆ ಅಪಘಾತ, ಹಾರಿದರೆ ಆತ್ಮಹತ್ಯೆ, ದೂಡಿದರೆ ಕೊಲೆ. ಬಾವಿ ಅದೇ, ನೀರು ಅದೇ. ಡಾಕ್ಟರು ಬರೆಯುವ ಸಾವಿನ ಕಾರಣವೂ ಒಂದೇ: ನೀರಲ್ಲಿ ಮುಳುಗಿ ಉಸಿರುಗಟ್ಟಿದ್ದು. ಬೇರೆಯಾಗುವುದು ಆ ಒಂದು ಮಾತು ಮಾತ್ರ. ಅದನ್ನು ಮೊದಲ ಗಂಟೆಯಲ್ಲೇ ಪಂಚನಾಮೆಯಲ್ಲಿ, ಅಂದರೆ ಹೆಣ ಕಂಡ ಹಾಗೆ ಸಾಕ್ಷಿಗಳ ಎದುರು ಬರೆಯುವ ವರದಿಯಲ್ಲಿ, ಇಳಿಸಬಾರದು. ಇದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ನಾನು 1988ರಲ್ಲಿ ಕಾನ್‌ಸ್ಟೇಬಲ್ ಆಗಿ ಸೇರಿದೆ. ಆಗ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೇ ಇದ್ದವು, 1997ರಲ್ಲಿ ಬೇರೆಯಾದವು. ಮೂರೂ ಕಡೆ ನೌಕರಿ ಮಾಡಿದೆ, ಜಾಸ್ತಿ ವರ್ಷ ಠಾಣೆಯ ರೈಟರ್ ಆಗಿ. ಸಾಹೇಬರು ಹೇಳುತ್ತಾರೆ, ರೈಟರ್ ಬರೆಯುತ್ತಾನೆ, ಪಂಚರು, ಅಂದರೆ ಸಾಕ್ಷಿಗೆ ಕರೆದ ಅಕ್ಕಪಕ್ಕದವರು, ಸಹಿ ಮಾಡುತ್ತಾರೆ. ಪಂಚರಾಗಿ ಬಂದವರಲ್ಲಿ ಬಹಳ ಮಂದಿ ಮೂಗಿಗೆ ಟವೆಲ್ ಹಿಡಿದು ದೂರ ನಿಂತು, ಕೊನೆಗೆ ಬಂದು ಸಹಿ ಹಾಕಿ ಹೋದವರು. ಅವರನ್ನು ಬೈಯುವುದಿಲ್ಲ. ಏನು ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲು ಕಾನೂನಿನ ಮಾತು. ಅನುಮಾನದ ಸಾವು, ಅಪಘಾತ, ಆತ್ಮಹತ್ಯೆ ಯಾವುದೇ ಇರಲಿ, ಸುದ್ದಿ ಬಂದ ಕೂಡಲೇ ಠಾಣೆಯಲ್ಲಿ ಯುಡಿಆರ್ ದಾಖಲಾಗುತ್ತದೆ, ಅಂದರೆ ಅಸ್ವಾಭಾವಿಕ ಸಾವಿನ ವರದಿ. ಕೊಲೆ ಅಂತ ಎದ್ದು ಕಂಡರೆ ನೇರ ಎಫ್‌ಐಆರ್. ಆಮೇಲೆ ಅಧಿಕಾರಿ ಸ್ಥಳಕ್ಕೆ ಬಂದು, ಅಕ್ಕಪಕ್ಕದ ಇಬ್ಬರು ಅಥವಾ ಹೆಚ್ಚು ಮರ್ಯಾದಸ್ಥರ ಎದುರು ಹೆಣ ನೋಡಿ ಬರೆಯಬೇಕು. ಹಳೆಯ ಕಾನೂನು, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 174ನೇ ಕಲಂ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಬರಬೇಕು ಅಂತ ಬರಹದಲ್ಲಿ ಕರೆದರೆ ಹೋಗಲೇಬೇಕು. ಆದರೆ ಜನಕ್ಕೆ ಗೊತ್ತಿಲ್ಲದ ಒಂದು ಮಾತು ಅದೇ ಕಲಮಿನಲ್ಲಿದೆ: ವರದಿಗೆ ಸಹಿ ಮಾಡಬೇಕಾದವರು ಅದನ್ನು ಒಪ್ಪಿದವರು ಮಾತ್ರ. ಒಪ್ಪದ ಪಂಚ ಸಹಿ ಮಾಡಬೇಕಿಲ್ಲ. ನನ್ನ ಇಡೀ ನೌಕರಿಯಲ್ಲಿ ಈ ಹಕ್ಕು ಬಳಸಿದ ಪಂಚರನ್ನು ನಾಲ್ಕೈದು ಸಲ ನೋಡಿರಬಹುದು.

ಮದುವೆಯಾಗಿ 7 ವರ್ಷದೊಳಗಿನ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡಿದ್ದರೆ ಅಥವಾ ಅನುಮಾನ ಬರುವಂತೆ ಸತ್ತಿದ್ದರೆ ವಿಚಾರಣೆಗೆ ಮ್ಯಾಜಿಸ್ಟ್ರೇಟರು ಬರುತ್ತಾರೆ. ನಮ್ಮ ಕಡೆ ಸಾಮಾನ್ಯವಾಗಿ ತಹಶೀಲ್ದಾರರು. ಅವರು ಬರುವ ಮುಂಚೆ ಹೆಣ ಇಳಿಸಿ, ತೊಳೆದು, ಸೀರೆ ಬದಲಿಸಿ ಇಟ್ಟಿದ್ದರೆ ಅದನ್ನೂ ಬರೆಸಬೇಕು.

ಈಗ ನನ್ನ ತಪ್ಪು ಹೇಳುತ್ತೇನೆ. ರೈಟರ್ ಆಗಿ ಎರಡನೆಯ ವರ್ಷ. ಊರು, ಠಾಣೆ ಬೇಡ. ಹೊಲದ ಬಾವಿಯಲ್ಲಿ ಒಬ್ಬ ಹೆಣ್ಣುಮಗಳ ಹೆಣ. ಮದುವೆಯಾಗಿ ಒಂಬತ್ತು ವರ್ಷ, ಹಾಗಾಗಿ ಪಂಚನಾಮೆ ಪೊಲೀಸರದೇ. ಮಾವ ಬಂದು ಹೊಟ್ಟೆನೋವು ತಾಳದೆ ಹಾರಿದಳು ಅಂದ. ನಾನು ಬರೆದೆ: "ಬಾವಿಗೆ ಹಾರಿ ಮೃತಪಟ್ಟಿದ್ದು ಕಂಡುಬರುತ್ತದೆ." ಆಭರಣದ ಸಾಲಿನಲ್ಲಿ ಬರೆದೆ: "ಕೈಯಲ್ಲಿ ಹಸಿರು ಗಾಜಿನ ಬಳೆ." ಅಷ್ಟೇ. ಎಷ್ಟು ಬಳೆ, ಯಾವ ಕೈ, ಬರೆಯಲಿಲ್ಲ. ಎರಡು ದಿನ ಆದ ಮೇಲೆ ಆಕೆಯ ತವರಿನ ಹುಡುಗನೊಬ್ಬ ಪಂಪ್‌ಸೆಟ್ ಮನೆಯ ಹಿಂದೆ ಸಿಕ್ಕ ಹಸಿರು ಬಳೆಯ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಠಾಣೆಗೆ ತಂದ. ಪಂಪ್‌ಸೆಟ್ ಮನೆಗೂ ಬಾವಿಗೂ ಇಪ್ಪತ್ತು ಹೆಜ್ಜೆ. ಹೆಣ ಆಗಲೇ ಮಣ್ಣಾಗಿತ್ತು. ಫೋಟೋದಲ್ಲಿ ಬಲಗೈ ಕಾಣುತ್ತಿತ್ತು, ಮೂರು ಬಳೆ. ಎಡಗೈ ಬೆನ್ನ ಕೆಳಗೆ. ಎಡಗೈಯಲ್ಲಿ ಬಳೆ ಇದ್ದವಾ, ಒಡೆದಿದ್ದವಾ, ಮಣಿಕಟ್ಟಿನಲ್ಲಿ ಗೀರು ಇತ್ತಾ? ನಾನೇ ಎದುರು ಕುಂತು ಬರೆದವನು, ನನಗೇ ನೆನಪಿರಲಿಲ್ಲ.

ಕೇಸು ಕೋರ್ಟಿನಲ್ಲಿ ನಿಲ್ಲಲಿಲ್ಲ. ಆರೋಪಿ ಕಡೆಯ ವಕೀಲರು ನಾನು ಬರೆದ ಸಾಲನ್ನೇ ಓದಿದರು: ಪೊಲೀಸರೇ ಹಾರಿದ್ದು ಅಂತ ಬರೆದಿದ್ದಾರಲ್ಲ. ಹೊರಗೆ ಬಂದಾಗ ಆಕೆಯ ಅಣ್ಣ ಕೇಳಿದ: "ಸಾಹೇಬ್ರ, ನಮ್ಮ ತಂಗಿ ಹಾರಿದ್ದು ನೀವು ಕಣ್ಣಿಲೆ ನೋಡೀರೇನ್ರಿ?" ಆಕೆ ಬಿದ್ದಳೋ, ಹಾರಿದಳೋ, ಯಾರಾದರೂ ದೂಡಿದರೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತಾಗುವ ದಾರಿ ಮುಚ್ಚಿದ್ದರಲ್ಲಿ ನನ್ನ ಪೆನ್ನೂ ಒಂದು. ಅದಾದ ಮೇಲೆ ಬಳೆ ಎಣಿಸದೆ ನಾನು ಯಾವ ಪಂಚನಾಮೆಯನ್ನೂ ಮುಗಿಸಲಿಲ್ಲ.

ಹಾಗಾಗಿ ನಿಮ್ಮ ಮೊದಲ ಕೆಲಸ, ಕಿವಿ ಕೊಟ್ಟು ಕೇಳುವುದು. ರೈಟರ್ ಓದಿ ಹೇಳುವಾಗ "ಹಾರಿ", "ಹಾಕಿಕೊಂಡು", "ಹಚ್ಚಿಕೊಂಡು" ಅಂತ ಬಂದರೆ ತಡೆಯಿರಿ. "ಕೊಂಡು" ಅಂದ ಕೂಡಲೇ ಸತ್ತವರೇ ಮಾಡಿಕೊಂಡದ್ದು ಅಂತ ತೀರ್ಪು ಕೊಟ್ಟಂತೆ, ಅಲ್ವಾ? ಕಂಡದ್ದನ್ನು ಕಂಡ ಹಾಗೆ ಬರೆಸಿ. "ಹೆಣ ನೀರಿನ ಮೇಲೆ ಬೋರಲಾಗಿ ತೇಲುತ್ತಿತ್ತು." "ಕುತ್ತಿಗೆಗೆ ಹಗ್ಗ ಇದೆ, ಹಗ್ಗದ ಇನ್ನೊಂದು ತುದಿ ತೊಲೆಗೆ ಕಟ್ಟಿದೆ." "ಪಕ್ಕದಲ್ಲಿ ಬಾಟಲಿ ಇದೆ, ಮುಚ್ಚಳ ಇಲ್ಲ." ಯಾರೋ ಹೇಳಿದ ಸಂಗತಿಯಾದರೆ ಹೇಳಿದವರ ಹೆಸರಿನ ಜೊತೆಗೇ ಬರೆಸಿ. ಪಂಚನಾಮೆಯ ಕೊನೆಗೆ ಪಂಚರ ಅಭಿಪ್ರಾಯ ಅಂತ ಒಂದು ಸಾಲು ಬರುತ್ತದೆ. ಅಲ್ಲಿ "ಸಾವಿನ ನಿಜವಾದ ಕಾರಣ ತಿಳಿಯಲು ಮರಣೋತ್ತರ ಪರೀಕ್ಷೆ ಆಗಬೇಕು" ಅಂದರೆ ಸಾಕು. ಯಾರು ಮಾಡಿದರು, ಯಾಕೆ ಮಾಡಿದರು ಅನ್ನುವುದು ಈ ವರದಿಯ ಕೆಲಸವೇ ಅಲ್ಲ, ಸಾವು ಹೇಗೆ ಬಂದಂತೆ ಕಾಣುತ್ತದೆ ಅನ್ನುವುದಷ್ಟೇ ಅಂತ ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ.

ಸ್ಥಳಕ್ಕೆ ಹೋದ ಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ. ಏನನ್ನೂ ಮುಟ್ಟಬೇಡಿ, ಎಲೆ ಅಡಿಕೆ ಉಗುಳಬೇಡಿ. ಬೇರೆಯವರು ನಡೆದ ಹಾದಿಯಲ್ಲೇ ನಡೆಯಿರಿ. ಹೆಣ ಅಲುಗಾಡಿಸುವ ಮುಂಚೆ ಫೋಟೋ ಆಯಿತಾ ಕೇಳಿ. ಈಗ ಎಷ್ಟೋ ಕಡೆ ಸೋಕೋ ಅಧಿಕಾರಿಗಳು, ಅಂದರೆ ಅಪರಾಧ ಸ್ಥಳದ ಸಾಕ್ಷ್ಯ ಎತ್ತಲು ತರಬೇತಿ ಆದವರು, ಬರುತ್ತಾರೆ. ಅವರು ಬರುತ್ತಾರೆ ಅಂದರೆ ಕಾಯುವುದೇ ಒಳ್ಳೆಯದು.

ಹೆಣವನ್ನು ಹೊರಳಿಸಿ ಬೆನ್ನು ತೋರಿಸಲು ಹೇಳಿ. ರಕ್ತದ ಓಡಾಟ ನಿಂತ ಮೇಲೆ ಅದು ಮೈಯ ಕೆಳಭಾಗಕ್ಕೆ ಇಳಿದು ನೇರಳೆ ಬಣ್ಣದ ಕಲೆಯಾಗುತ್ತದೆ. ಮೊದಮೊದಲು ಬೆರಳಿಂದ ಒತ್ತಿದರೆ ಅಲ್ಲಿ ಬೆಳ್ಳಗಾಗುತ್ತದೆ, 6ರಿಂದ 12 ತಾಸು ಕಳೆದರೆ ಒತ್ತಿದರೂ ಹೋಗುವುದಿಲ್ಲ. ಒತ್ತಿ ನೋಡುವುದು ಡಾಕ್ಟರ ಕೆಲಸ, ನೀವು ಕಣ್ಣಿಂದ ನೋಡಿದರೆ ಸಾಕು. ಅಂಗಾತ ಮಲಗಿದ ಹೆಣಕ್ಕೆ ಕಲೆ ಬೆನ್ನಿಗಿರಬೇಕು. ಎದೆಗೆ, ಹೊಟ್ಟೆಗೆ ಕಲೆ ಇದ್ದು ಹೆಣ ಅಂಗಾತ ಇದ್ದರೆ, ಸತ್ತ ಮೇಲೆ ಯಾರೋ ಹೊರಳಿಸಿದ್ದಾರೆ ಅಥವಾ ಬೇರೆ ಕಡೆಯಿಂದ ತಂದಿದ್ದಾರೆ. ಇದನ್ನು ಬರೆಸದಿದ್ದರೆ ಶವಾಗಾರಕ್ಕೆ ಹೋಗುವಷ್ಟರಲ್ಲಿ ಹೆಣ ಇದ್ದ ಭಂಗಿ ಯಾರಿಗೂ ನೆನಪಿರುವುದಿಲ್ಲ.

ಹೆಣ ಸೆಟೆದಿದೆಯಾ, ಎಲ್ಲಿವರೆಗೆ ಸೆಟೆದಿದೆ ಅನ್ನುವುದೂ ಮುಖ್ಯ. ರೆಪ್ಪೆ, ದವಡೆಯಿಂದ ಶುರುವಾಗಿ ಕೈ, ಆಮೇಲೆ ಕಾಲಿಗೆ ಇಳಿಯುತ್ತದೆ, ಬಿಡುವಾಗಲೂ ಅದೇ ಕ್ರಮ. ನಮ್ಮ ಏಪ್ರಿಲ್ ಬಿಸಿಲಿಗೆ ಬೇಗ ಸೆಟೆದು ಬೇಗ ಬಿಡುತ್ತದೆ. ಆದ್ದರಿಂದ ಹೆಣ ನೆರಳಲ್ಲಿತ್ತೋ ಬಿಸಿಲಲ್ಲಿತ್ತೋ, ಫ್ಯಾನ್ ತಿರುಗುತ್ತಿತ್ತೋ, ಮೈಮೇಲೆ ಏನು ಬಟ್ಟೆ, ಎಷ್ಟು ಗಂಟೆಗೆ ನೋಡಿದಿರಿ ಇಷ್ಟೂ ಬರಬೇಕು. ಹೊತ್ತು ಬರೆಯದ ಪಂಚನಾಮೆಯಿಂದ ಡಾಕ್ಟರು ಸಾವಿನ ಸಮಯ ಲೆಕ್ಕ ಹಾಕುವುದು ಹೇಗೆ?

ನೀರಿನ ಸಾವಿನಲ್ಲಿ ಬಾಯಿ ಮೂಗು ನೋಡಿ. ಸಣ್ಣ ಬಿಳಿ ನೊರೆ ಒರೆಸಿದರೂ ಮತ್ತೆ ಬರುತ್ತಿದ್ದರೆ ಬರೆಸಿ. ಮುಷ್ಟಿಯಲ್ಲಿ ಹುಲ್ಲು, ಪಾಚಿ, ಕೆಸರು ಬಿಗಿಯಾಗಿ ಹಿಡಿದಿದ್ದರೆ ಅದು ಬಹಳ ದೊಡ್ಡ ಸಾಕ್ಷಿ: ನೀರಿಗೆ ಹೋದಾಗ ಜೀವ ಇತ್ತು. ಅಂಗೈ, ಅಂಗಾಲು ಸುಕ್ಕುಗಟ್ಟಿದ್ದಕ್ಕೆ ಆ ಬೆಲೆ ಇಲ್ಲ, ಸತ್ತ ಹೆಣ ಹಾಕಿದರೂ ನೀರಲ್ಲಿ ಸುಕ್ಕಾಗುತ್ತದೆ. ಅದೇ ಬಾವಿಯ ಒಂದು ಬಾಟಲಿ ನೀರು ತೆಗೆದು ಸೀಲ್ ಮಾಡಿದರಾ ಕೇಳಿ. ನೀರಿನಲ್ಲಿ ಡಯಾಟಂ ಅಂತ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಉಸಿರಾಡುತ್ತ ಮುಳುಗಿದವರ ಮೂಳೆಯ ಮಜ್ಜೆಯವರೆಗೂ ಅದು ಹೋಗಿರುತ್ತದೆ. ಮಜ್ಜೆಯಲ್ಲಿ ಸಿಕ್ಕಿದ್ದನ್ನು ಬಾವಿ ನೀರಿನ ಜೊತೆ ಹೋಲಿಸಬೇಕಲ್ಲ, ಅದಕ್ಕೇ ಆ ಬಾಟಲಿ.

ಸುಟ್ಟ ಹೆಣದ ಕೈಗಳು ಗುದ್ದಾಟಕ್ಕೆ ನಿಂತವರಂತೆ ಮಡಚಿರುತ್ತವೆ. ಜನ ಅದನ್ನು ನೋಡಿ ಜಗಳ ಆಗಿತ್ತು ಅನ್ನುತ್ತಾರೆ. ಅಲ್ಲ, ಶಾಖಕ್ಕೆ ಸ್ನಾಯು ಕುಗ್ಗಿ ಹಾಗಾಗುತ್ತದೆ. ಜೀವಂತ ಸುಟ್ಟದ್ದಾ ಅನ್ನುವುದನ್ನು ಹೇಳುವುದು ಶ್ವಾಸನಾಳದ ಒಳಗಿನ ಮಸಿ, ಅದು ಶವಾಗಾರದಲ್ಲೇ ಗೊತ್ತಾಗಬೇಕು.

ಸಾವನ್ನು ಐದು ಗುಂಪು ಮಾಡುತ್ತಾರೆ: ಸಹಜ, ಅಪಘಾತ, ಆತ್ಮಹತ್ಯೆ, ಪರಹತ್ಯೆ, ಹೇಳಲಾಗದ್ದು. ಡಾಕ್ಟರು ಮುಖ್ಯವಾಗಿ ಕಾರಣ ಹೇಳುತ್ತಾರೆ, ಗುಂಪು ತೀರ್ಮಾನ ಆಗುವುದು ತನಿಖೆಯಲ್ಲಿ, ಕೊನೆಗೆ ಕೋರ್ಟಿನಲ್ಲಿ. ಪರಹತ್ಯೆ ಅಂದರೆಲ್ಲ ಕೊಲೆಯೂ ಅಲ್ಲ. ಹಾವೇರಿ ಕಡೆ ಗೋವಿನಜೋಳದ ಹೊಲಕ್ಕೆ ಕಾಡುಹಂದಿ ಬರಬಾರದು ಅಂತ ಬೇಲಿಗೆ ಕರೆಂಟ್ ಬಿಡುವವರಿದ್ದಾರೆ. ರಾತ್ರಿ ನೀರು ಹಾಯಿಸಲು ಹೋದ ಪಕ್ಕದ ಹೊಲದವನು ತಂತಿ ತಾಗಿ ಸತ್ತರೆ ಊರವರು ಅಪಘಾತ ಅನ್ನುತ್ತಾರೆ. ಕಾನೂನು ಕೇಳುವುದೇ ಬೇರೆ: ತಂತಿ ಎಳೆದವನಿಗೆ ಮನುಷ್ಯ ಸಾಯಬಹುದು ಅಂತ ಗೊತ್ತಿತ್ತಾ? ಬರೀ ನಿರ್ಲಕ್ಷ್ಯ ಆದರೆ ಭಾರತೀಯ ನ್ಯಾಯ ಸಂಹಿತೆಯ 106, 5 ವರ್ಷದವರೆಗೆ ಶಿಕ್ಷೆ. ಗೊತ್ತಿದ್ದೂ ಮಾಡಿದ್ದಾದರೆ 105, 10 ವರ್ಷದವರೆಗೆ. ಅವನನ್ನೇ ಕೊಲ್ಲಬೇಕು ಅಂತ ಎಳೆದಿದ್ದರೆ 103, ಜೀವಾವಧಿ ಅಥವಾ ಮರಣದಂಡನೆ.

ಇದನ್ನು ಬಿಡಿಸುವುದು ಸ್ಥಳದಲ್ಲಿ ಕಂಡದ್ದೇ. ಮೊದಲು ಕರೆಂಟ್ ಕಂಪನಿ ಹೆಸ್ಕಾಂನವರು ಲೈನ್ ತೆಗೆಯಲಿ, ಅಲ್ಲಿವರೆಗೆ ಹತ್ತಿರ ಹೋಗಬೇಡಿ. ಆಮೇಲೆ ನೋಡಿ, ತಂತಿ ಎಲ್ಲಿಂದ ಬಂತು, ಎಷ್ಟು ಎತ್ತರಕ್ಕಿತ್ತು, ಕಾಲುದಾರಿ ದಾಟುತ್ತಿತ್ತಾ, ಎಚ್ಚರಿಕೆಗೆ ಏನಾದರೂ ಕಟ್ಟಿದ್ದರಾ. ಬೆಳಗಾಗುವುದರೊಳಗೆ ತಂತಿ ಸುತ್ತಿ ಮನೆಗೆ ಒಯ್ದಿರುವುದುಂಟು. ಗೂಟ ಕಿತ್ತ ಕುಣಿಗಳನ್ನು ಮುಚ್ಚಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಒಂದು ಸಲ ಪಂಚರಾಗಿ ಬಂದ ರೈತರೊಬ್ಬರು ಹೆಜ್ಜೆ ಹಾಕುತ್ತ ಅಂಥ ಹನ್ನೊಂದು ಕುಣಿ ತೋರಿಸಿದರು, ಒಂದೇ ಸಾಲಿನಲ್ಲಿ, ಒಳಗೆ ಇನ್ನೂ ಹಸಿ ಮಣ್ಣು. ಆ ಸಾಲು ಹೆಣ ಬಿದ್ದಿದ್ದ ಜಾಗದ ಮೇಲೇ ಹಾದುಹೋಗಿತ್ತು.

ವಸ್ತು ಕಟ್ಟುವಾಗ ಎದುರೇ ನಿಲ್ಲಿ. ರಕ್ತ ಹತ್ತಿದ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಸಿ ಬಟ್ಟೆ ಹಾಕಿದರೆ ಬೂಸು ಹಿಡಿದು ಡಿಎನ್ಎ ಕೆಡುತ್ತದೆ. ಜಗಳದ ಅನುಮಾನ ಇದ್ದರೆ ಹೆಣದ ಎರಡೂ ಕೈಗೆ ಕಾಗದದ ಚೀಲ ಕಟ್ಟಿ ಕಳಿಸಬೇಕು, ಉಗುರಿನ ಸಂದಿಯಲ್ಲಿ ಇನ್ನೊಬ್ಬರ ಚರ್ಮ ಇರಬಹುದು. ಒಂದೊಂದು ಮುದ್ದೆಮಾಲಿಗೂ, ಅಂದರೆ ಸಾಕ್ಷ್ಯಕ್ಕೆ ವಶಪಡಿಸಿಕೊಂಡ ವಸ್ತುವಿಗೂ, ಬೇರೆ ಪೊಟ್ಟಣ, ಬೇರೆ ಚೀಟಿ, ಚೀಟಿಯ ಮೇಲೆ ನಿಮ್ಮ ಸಹಿ. ಅರಗಿನ ಮೇಲೆ ಒತ್ತಿದ ಮೊಹರಿನ ಅಕ್ಷರ ಯಾವುದು ಅಂತ ನೋಡಿಕೊಳ್ಳಿ. ಖಾಲಿ ಚೀಟಿಗೆ, ಖಾಲಿ ಹಾಳೆಗೆ ಸಹಿ ಹಾಕಲೇಬೇಡಿ, ಕೇಳಿದವರು ಪರಿಚಯದವರಾದರೂ.

ಮನೆಯವರು ನಿಮ್ಮನ್ನೇ ಕೇಳುತ್ತಾರೆ, ರಾತ್ರಿಯೇ ಪಿಎಂ, ಅಂದರೆ ಮರಣೋತ್ತರ ಪರೀಕ್ಷೆ, ಮಾಡಿ ಕೊಡಬಾರದಾ ಅಂತ. ಸೌಕರ್ಯ ಇರುವ ಆಸ್ಪತ್ರೆಯಲ್ಲಿ ಸೂರ್ಯ ಮುಳುಗಿದ ಮೇಲೂ ಮಾಡಬಹುದು ಅಂತ ಕೇಂದ್ರ ಸರ್ಕಾರ 2021ರ ನವೆಂಬರ್‌ನಲ್ಲಿ ಹೇಳಿದೆ. ಆದರೆ ಕೊಲೆ, ಆತ್ಮಹತ್ಯೆ, ಅನುಮಾನದ ಸಾವು, ಕೊಳೆತ ಹೆಣ ಇವಕ್ಕೆ ಸಾಮಾನ್ಯವಾಗಿ ಬೆಳಗಿನವರೆಗೆ ಕಾಯಬೇಕು. ಗಾಯದ ಬಣ್ಣ ಹಗಲ ಬೆಳಕಲ್ಲೇ ಸರಿಯಾಗಿ ಕಾಣುವುದು. ಇದನ್ನು ಅವರ ಪಕ್ಕ ಕುಂತು ಸಮಾಧಾನವಾಗಿ ಹೇಳಿ, ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯ ಶವಾಗಾರದ ಮುಂದೆ ರಾತ್ರಿಯೆಲ್ಲ ಕಾಯುವವರಿಗೆ ಅಷ್ಟಾದರೂ ಗೊತ್ತಿರಲಿ. ವಿಷದ ಅನುಮಾನ ಇದ್ದರೆ ಡಾಕ್ಟರು ಹೊಟ್ಟೆ, ಕರುಳು, ಯಕೃತ್ತು, ಮೂತ್ರಪಿಂಡದ ಭಾಗಗಳನ್ನು ಉಪ್ಪಿನ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದರ ವರದಿ ಬರುವವರೆಗೆ ಕಾರಣವನ್ನು ಕಾಯ್ದಿರಿಸುತ್ತಾರೆ. ಅದನ್ನು ಕೇಸು ಮುಚ್ಚುತ್ತಿದ್ದಾರೆ ಅಂತ ತಿಳಿಯಬಾರದು.

ಮನೆಗೆ ಬಂದು ಸ್ನಾನ ಮಾಡಿದ ಮೇಲೆ, ಅವತ್ತೇ, ನಿಮ್ಮದೇ ಒಂದು ವಹಿಯಲ್ಲಿ ಕಂಡದ್ದನ್ನೆಲ್ಲ ಬರೆದಿಡಿ. ಕೋರ್ಟಿಗೆ ಕರೆಯುವುದು ಎಷ್ಟೋ ವರ್ಷದ ಮೇಲೆ. ಅವತ್ತೇ ಬರೆದಿಟ್ಟದ್ದನ್ನು ಸಾಕ್ಷಿ ಹೇಳುವಾಗ ನೋಡಿ ನೆನಪು ಮಾಡಿಕೊಳ್ಳಬಹುದು, ಕಾನೂನಿನಲ್ಲೇ ಅವಕಾಶ ಇದೆ.

ಬೆಟಗೇರಿಯ ಒಬ್ಬ ನೇಕಾರರು ಹಾಗೆ ಬರೆದಿಟ್ಟಿದ್ದರು, ನೂಲಿನ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ. ನಮ್ಮ ಪಂಚನಾಮೆಯಲ್ಲಿ "ಬಾಗಿಲು ಹಾಕಿತ್ತು" ಅಂತಿತ್ತು. ಒಳಗಿಂದ ಭದ್ರವಾಗಿತ್ತು, ಬೇರೆ ಯಾರೂ ಒಳಗೆ ಹೋಗಿರಲು ಸಾಧ್ಯವೇ ಇಲ್ಲ ಅಂತ ವಕೀಲರು ಹಟ ಹಿಡಿದರು. ನಾಲ್ಕು ವರ್ಷ ಕಳೆದಿತ್ತು, ನಾವ್ಯಾರೂ ಉತ್ತರ ಹೇಳುವ ಹಾಗಿರಲಿಲ್ಲ. ಆ ನೇಕಾರರು ಕನ್ನಡಕ ಹಾಕಿಕೊಂಡು ಆ ಹಾಳೆ ತೆಗೆದು, ಕಟಕಟೆಯಲ್ಲಿ ನಿಂತು ನಿಧಾನಕ್ಕೆ ಓದಿದರು: "ಕದ ಮುಂದ ಮಾಡಿತ್ತು. ಚಿಲಕ ಹಾಕಿದ್ದಿಲ್ಲ. ಪೊಲೀಸರು ಒಂದ ಬೆರಳಿಲೆ ದೂಡಿದರು, ತೆರೀತು."