ಕ್ರೋಶ ಕಲಿಯುವವರು ಮೊದಲು ಸರಪಳಿಯನ್ನು ಪಳಗಿಸಿಕೊಳ್ಳಬೇಕು

ರಾಯಚೂರಿನ ಬಿಸಿಲಿನಲ್ಲಿ ಕ್ರೋಶ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಕಡ್ಡಿಯ ಹೆಣಿಗೆ, ಕಲಿಯಹೊರಟವರು ಉಣ್ಣೆಯ ತಂಟೆಗೆ ಹೋಗದಿರುವುದೇ ಲೇಸು. ಏಪ್ರಿಲ್ ಬಂತೆಂದರೆ ಅಂಗೈ ಬೆವರಿ, ಉಣ್ಣೆಯ ಎಳೆ ಬೆರಳಿಗೆ ಅಂಟಿಕೊಂಡು ಕೈ ಓಡುವುದಿಲ್ಲ. ತಿಳಿ ಬಣ್ಣದ, ತುಸು ದಪ್ಪನೆಯ ಹತ್ತಿ ದಾರವೂ 4 ಮಿಲಿಮೀಟರಿನ ಅಲ್ಯೂಮಿನಿಯಂ ಕಡ್ಡಿಯೂ ಇದ್ದರೆ ಸಾಕು. ಕಪ್ಪು ಅಥವಾ ಕಡುನೀಲಿ ದಾರದಲ್ಲಿ ಹೆಣಿಗೆಯ ಕಣ್ಣು ಕಾಣುವುದೇ ಇಲ್ಲ. ಬಾಗಿಲ ತೋರಣದ ಸಣ್ಣ ದಾರಕ್ಕೆ ಆಸೆಪಡುವುದು ಆಮೇಲಿನ ಮಾತು.

ನನ್ನ ಬಳಿ ಕಲಿಯಲು ಬರುವ ಹೆಣ್ಣುಮಕ್ಕಳೆಲ್ಲರಿಗೂ ಹೂವಿನದೇ ಅವಸರ. ನಾನು ಮಾತ್ರ ಸರಪಳಿಯನ್ನೇ, ಅಂದರೆ ಒಂದರೊಳಗಿಂದ ಇನ್ನೊಂದನ್ನು ಎಳೆದ ಕುಣಿಕೆಗಳ ಸಾಲನ್ನೇ, ಹಾಕಿಸುತ್ತೇನೆ, ಬಿಚ್ಚಿಸಿ ಮತ್ತೆ ಹಾಕಿಸುತ್ತೇನೆ. ದಾರವನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿ ತೋರುಬೆರಳಿನ ಮೇಲೆ ಹಾಯಿಸಿಕೊಂಡರೆ ಬಿಗಿ ನಮ್ಮ ಹಿಡಿತಕ್ಕೆ ಬರುತ್ತದೆ. ಕುಣಿಕೆಯು ಕೊಕ್ಕೆಯ ಸಣ್ಣ ಕುತ್ತಿಗೆಯಲ್ಲಿ ಕೂರದೆ ಅದರ ಹಿಂದಿನ ದಪ್ಪ ಭಾಗದಲ್ಲಿ ಸಲೀಸಾಗಿ ಜಾರುವಂತಿರಬೇಕು, ಇಲ್ಲದಿದ್ದರೆ ಮುಂದಿನ ಸಾಲಿನಲ್ಲಿ ಕೊಕ್ಕೆ ತೂರಿಸಲು ಹೆಣಗಾಡಬೇಕಾಗುತ್ತದೆ. ಎಷ್ಟು ಹೇಳಿದರೂ ಕೈ ಬಿಗಿಯಾಗಿಯೇ ಬರುವವರು ಸರಪಳಿಯ ಮಟ್ಟಿಗೆ ಒಂದು ಅಳತೆ ದೊಡ್ಡ ಕಡ್ಡಿಯನ್ನು ಬಳಸಬಹುದು.

ಸರಪಳಿಯ ಮೇಲೆ ಹೆಣೆಯುವ ಗಿಡ್ಡ ಹೆಣಿಗೆಯಾದ ಸಿಂಗಲ್ ಕ್ರೋಶಕ್ಕೆ ಕಡ್ಡಿಯಿಂದ ಎಣಿಸಿ ಎರಡನೆಯ ಸರಪಳಿಗೆ ಕೊಕ್ಕೆ ತೂರಿಸಿ ದಾರವನ್ನು ಎಳೆದುಕೊಳ್ಳಬೇಕು. ಕಡ್ಡಿಯ ಮೇಲೆ ಎರಡು ಕುಣಿಕೆಗಳಾದಾಗ ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಹೊರತೆಗೆಯಬೇಕು. ಅದಕ್ಕಿಂತ ಎತ್ತರದ ಡಬಲ್‌ನಲ್ಲಿ ಮೊದಲೇ ಒಂದು ಸುತ್ತು ದಾರ ಹಾಕಿಕೊಂಡು ನಾಲ್ಕನೆಯ ಸರಪಳಿಗೆ ತೂರಿಸಿದಾಗ ಮೂರು ಕುಣಿಕೆಗಳಾಗುತ್ತವೆ. ಅವನ್ನು ಎರಡೆರಡಾಗಿ, ಎರಡು ಸಲಕ್ಕೆ ಬಿಡಿಸಬೇಕು. ಇದು ಅಮೆರಿಕದ ಲೆಕ್ಕ. ಬ್ರಿಟನ್ನಿನ ಮಾದರಿಗಳಲ್ಲಿ ಇದೇ ಸಿಂಗಲ್‌ಗೆ ಡಬಲ್ ಎಂದಿರುತ್ತದೆಯಾದ್ದರಿಂದ ಮಾದರಿ ಎಲ್ಲಿಯದೆಂದು ನೋಡಿಯೇ ಆರಂಭಿಸಿರಿ.

ಚೌಕವಾಗಿ ಹೊರಟ ಬಟ್ಟೆ ಮೇಲೆ ಹೋದಂತೆ ಕಿರಿದಾಗುತ್ತಿದ್ದರೆ ತಪ್ಪನ್ನು ಅಂಚಿನಲ್ಲಿ ಹುಡುಕಬೇಕು. ಸಿಂಗಲ್‌ನಲ್ಲಿ ಸಾಲು ಮುಗಿಸಿ ತಿರುಗುವಾಗ ಹಾಕುವ 1 ಸರಪಳಿ ಲೆಕ್ಕಕ್ಕಿಲ್ಲ. ಮೊದಲ ಕಣ್ಣಿನಿಂದಲೇ ಹೆಣೆಯಬೇಕು. ಡಬಲ್‌ನಲ್ಲಿ ಹಾಕುವ 3 ಸರಪಳಿಗಳೇ ಮೊದಲ ಹೆಣಿಗೆಯಾದ್ದರಿಂದ, ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಆ ಸರಪಳಿಯ ತುದಿಗೂ ಒಂದು ಹೆಣಿಗೆ ಬೀಳಬೇಕು. ಅದನ್ನೇ ಎಲ್ಲರೂ ಮರೆಯುವುದು. ಅಲ್ಲೊಂದು ಪಿನ್ನು ಸಿಕ್ಕಿಸಿಡಿ. 22 ಸರಪಳಿಯಿಂದ ಆರಂಭಿಸಿದ್ದರೆ ಪ್ರತಿ ಸಾಲಿನಲ್ಲೂ 20 ಡಬಲ್ ಎಣಿಕೆಗೆ ಸಿಗಬೇಕು. ಒಂದು ಕಡಿಮೆಯಾದರೂ ಬಿಚ್ಚುವುದಕ್ಕೆ ಬೇಸರಿಸಬಾರದು.

ಕಲಿತ ಕೈಗೆ ಮೊದಲ ಕೆಲಸವಾಗಿ, ರೊಟ್ಟಿಯ ಹಂಚು ಇಳಿಸುವ ಮಸಿಬಟ್ಟೆಯನ್ನು ಹೆಣೆಯಿರಿ. ಡಬಲ್‌ನ ಸಂದಿಯಲ್ಲಿ ಬಿಸಿ ತಟ್ಟುವುದರಿಂದ ಒತ್ತಾದ ಸಿಂಗಲ್ ಹೆಣಿಗೆಯಲ್ಲೇ ಎರಡು ಪದರ ಮಾಡಿ ಜೋಡಿಸಬೇಕು. ದಾರ ಹತ್ತಿಯದೇ ಆಗಿರಲಿ, ಅಕ್ರಿಲಿಕ್ ಬಿಸಿಗೆ ಕರಗುತ್ತದೆ. ಮುಗಿಸುವಾಗ ಒಂದು ಗೇಣು ದಾರ ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗೆ ಎಳೆದು ಬಿಗಿದು, ಮೊಂಡು ಸೂಜಿಯಿಂದ ಹೆಣಿಗೆಯೊಳಗೆ ಒಮ್ಮೆ ಮುಂದಕ್ಕೂ ಒಮ್ಮೆ ಹಿಂದಕ್ಕೂ ಹಾಯಿಸಿದರೆ ಒಗೆದಾಗ ತುದಿ ಬಿಚ್ಚಿಕೊಳ್ಳುವುದಿಲ್ಲ.