ಮಿಲಿಟರಿ ರಗ್ಗಿನಲ್ಲಿ ಬೆಚ್ಚನೆಯ ಕಿಲ್ಟ್ ಹೊಲಿದದ್ದು

ಡಿಸೆಂಬರ್, ಜನವರಿಯಲ್ಲಿ ತೀರ್ಥಹಳ್ಳಿ ಕಡೆ ಬೆಳಿಗ್ಗೆ ತೋಟಕ್ಕೆ ಇಳಿದವರಿಗೆ ಗೊತ್ತು, ಚಳಿಯ ಜೊತೆ ಇಬ್ಬನಿ ಕಾಟವೂ ಇರುತ್ತದೆ. ಪ್ಯಾಂಟ್ ಹಾಕಿದರೆ ಹುಲ್ಲು ತಾಗಿ ಮೊಣಕಾಲಿನವರೆಗೆ ಒದ್ದೆ. ಪಂಚೆ ಎತ್ತಿ ಕಟ್ಟಿದರೆ ಆ ತೊಂದರೆ ಇಲ್ಲ, ಆದರೆ ಸೊಂಟ, ತೊಡೆ ಬೆಚ್ಚಗಿರುವುದಿಲ್ಲ. ಮೊಣಕಾಲಿಗೆ ನಿಲ್ಲುವ ದಪ್ಪ ಉಣ್ಣೆಯ ಕಿಲ್ಟ್, ಅಂದರೆ ಸೊಂಟಕ್ಕೆ ಸುತ್ತಿ ಕಟ್ಟುವ ನೆರಿಗೆಯ ಲಂಗ, ಇದ್ದರೆ ಎರಡೂ ಬಗೆಹರಿಯುತ್ತದೆ ಅನ್ನಿಸಿ ನಾನೇ ಹೊಲಿದುಕೊಂಡೆ.

ಕಿಲ್ಟ್ ಸ್ಕಾಟ್ಲೆಂಡಿನ ಗುಡ್ಡಗಾಡಿನ ಗಂಡಸರ ಉಡುಪು. ಈಗಿನ ಹೊಲಿದ ಕಿಲ್ಟ್ ಬರುವುದಕ್ಕೆ ಮೊದಲು ಅವರು ಉಡುತ್ತಿದ್ದದ್ದು ಉದ್ದನೆಯ ಒಂದೇ ಉಣ್ಣೆ ಬಟ್ಟೆ. ಕೈಯಲ್ಲೇ ನೆರಿಗೆ ಹಿಡಿದು ಬೆಲ್ಟ್ ಬಿಗಿಯುತ್ತಿದ್ದರು. ಮೇಲಿನ ಅರ್ಧ ಹೆಗಲಿಗೆ, ಮಳೆ ಬಂದರೆ ತಲೆಗೆ, ರಾತ್ರಿ ಹೊದೆಯಲಿಕ್ಕೂ ಅದೇ. ನಮ್ಮ ಕಂಬಳಿ ಕೊಪ್ಪೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ರಗ್ಗಿನಲ್ಲಿ ಕಿಲ್ಟ್ ಹೊಲಿಯುವುದು ಸುಮ್ನೆ ಹುಚ್ಚಾಟ ಅಲ್ಲ.

ರಗ್ಗು ತರುವಾಗ ಒಂದು ಪರೀಕ್ಷೆ ಮಾಡಲೇಬೇಕು. ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿ ತಾಗಿಸಿ. ಕೂದಲು ಸುಟ್ಟ ವಾಸನೆ ಬಂದು, ಉಳಿದ ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಗುಂಡಾದರೆ ಸಿಂಥೆಟಿಕ್ ಬೆರೆತಿದೆ ಅಂತ ಅರ್ಥ. ಹಳೆ ಉಣ್ಣೆ ಬಟ್ಟೆ ಬಿಡಿಸಿ ಮತ್ತೆ ನೂತು ಮಾಡುವ ಶಾಡ್ಡಿ ರಗ್ಗುಗಳು ಪಾಣಿಪತ್‌ನಿಂದ ಬೇಕಾದಷ್ಟು ಬರುತ್ತವೆ. ಹೊದೆಯಲು ಅವು ಸಾಕು. ಕಿಲ್ಟ್‌ಗೆ ಮಾತ್ರ ಎರಡೂ ಕೈಯಲ್ಲಿ ಎಳೆದು ನೋಡಿ, ಒತ್ತಾಗಿ ನೇಯ್ದದ್ದನ್ನೇ ಆರಿಸಿ.

ನನಗೆ ಸಿಕ್ಕಿದ್ದು ಬೂದು ಬಣ್ಣದ್ದು, 60 ಇಂಚು ಅಗಲ, 90 ಇಂಚು ಉದ್ದ. ನ್ಯಾಫ್ತಲಿನ್ ಗುಳಿಗೆ ವಾಸನೆ ಹೋಗಲು ಅಂಟುವಾಳ ಕಾಯಿ ನೆನೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಉಜ್ಜದೆ ಹಿಂಡದೆ, ನೆರಳಲ್ಲಿ ಹಾಸಿ ಒಣಗಿಸಿದೆ. ವಾಷಿಂಗ್ ಸೋಡಾ ಉಣ್ಣೆಯನ್ನು ತಿಂದುಹಾಕುತ್ತದೆ, ಅದನ್ನು ಮುಟ್ಟಲೇಬೇಡಿ. ತೊಳೆಯುವುದು ಕತ್ತರಿಸುವ ಮೊದಲೇ ಆಗಬೇಕು, ಕುಗ್ಗುವಷ್ಟು ಆಗಲೇ ಕುಗ್ಗಿಬಿಡಲಿ.

ಕಿಲ್ಟ್‌ನ ಕೆಳ ಅಂಚನ್ನು ಮಡಚಿ ಹೊಲಿಯುವ ಪದ್ಧತಿ ಇಲ್ಲ. ಬಟ್ಟೆಯ ನೇಯ್ದ ಅಂಚೇ ಕೆಳಗೆ ಬರುತ್ತದೆ. ದಪ್ಪ ರಗ್ಗಿಗೆ ಇದು ದೊಡ್ಡ ಅನುಕೂಲ. ರಗ್ಗಿನ ಎರಡೂ ಉದ್ದದ ಬದಿಗೆ ನೇಯ್ದ ಅಂಚು ಇರುವುದರಿಂದ, ಎರಡೂ ಕಡೆಯಿಂದ 24 ಇಂಚು ಅಗಲದ ಪಟ್ಟಿ ತೆಗೆದೆ. ಹೊಕ್ಕುಳಿಂದ ಮೊಣಕಾಲಿನ ನಡುವಿಗೆ ನನ್ನ ಅಳತೆ ಅಷ್ಟೇ. ನಡುವೆ ಉಳಿದ 12 ಇಂಚಿನ ಪಟ್ಟಿ ಸೊಂಟದ ಪಟ್ಟಿಗಾಯಿತು.

ಇನ್ನು ನೆರಿಗೆ. ಇಲ್ಲಿ ರಗ್ಗಿನ ದಪ್ಪ ಹೇಳಿದ ಹಾಗೆ ನಾವು ಕೇಳಬೇಕು. ಸ್ಕಾಟ್ಲೆಂಡಿನವರು ಪೂರ್ತಿ ನೆರಿಗೆಯ ಕಿಲ್ಟ್‌ಗೆ 8 ಗಜ ಬಟ್ಟೆ ಹಾಕುತ್ತಾರೆ, ಒಂದೇ ಕಡೆಗೆ ಮಡಚಿದ ಆಳವಾದ ನೆರಿಗೆ. ಅವರ ಬಟ್ಟೆ ತೆಳುವಾಗಿ ಬಿಗಿಯಾಗಿರುತ್ತದೆ. ರಗ್ಗಿನಲ್ಲಿ ಹಾಗೆ ಮಾಡಿದರೆ ಹಿಂದೆ ಐದಾರು ಪದರ ಸೇರಿ ಕೂರಲೂ ಆಗುವುದಿಲ್ಲ. ನಾನು ಬಾಕ್ಸ್ ನೆರಿಗೆ, ಅಂದರೆ ಎರಡೂ ಬದಿಯನ್ನು ಹಿಂದಕ್ಕೆ ಮಡಚಿದ ಚಪ್ಪಟೆ ನೆರಿಗೆ ಹಿಡಿದೆ. ಒಂದರ ಪಕ್ಕ ಒಂದು ತಾಗಿ ಕೂರುವಂತೆ ಆರು ನೆರಿಗೆ, ಎಲ್ಲೂ ಮೂರು ಪದರಕ್ಕಿಂತ ಹೆಚ್ಚಿಲ್ಲ. ಹಿಂಭಾಗ ಸುಮಾರು 19 ಇಂಚು ಅಂದರೆ ನೆರಿಗೆಗೆ ಅದರ ಮೂರು ಪಟ್ಟು, 57 ಇಂಚು. ಮುಂದೆ ಒಂದರ ಮೇಲೊಂದು ಬರುವ ಎರಡು ಚಪ್ಪಟೆ ಭಾಗಕ್ಕೆ 18ರಂತೆ 36. ಅಂಚು ಮಡಚಲು, ಎರಡೂ ಪಕ್ಕದ ಒಳಮಡಿಕೆಗೆ, ಜೋಡಣೆಗೆ ಇನ್ನೊಂದು 20 ಇಂಚು. ಒಟ್ಟು 113 ಇಂಚು. ಒಂದು ಪಟ್ಟಿಗೆ ಇನ್ನೊಂದರ ತುಂಡು ಜೋಡಿಸಿದರೆ ಸಾಕು. ಜೋಡಿಸಿದ ಹೊಲಿಗೆ ನೆರಿಗೆಯ ಒಳಗೆ ಅಡಗಬೇಕು.

ಸೊಂಟ ಸಣ್ಣ, ಕೆಳಗೆ ಅಗಲ ಅಲ್ವಾ? ಆ ವ್ಯತ್ಯಾಸವನ್ನು ಆರೂ ನೆರಿಗೆಗೆ ಹಂಚಬೇಕು. ನನ್ನದರಲ್ಲಿ ಒಂದೊಂದು ನೆರಿಗೆ ಕೆಳಗೆ 3 ಇಂಚಿನ ಮೇಲೆ ಸ್ವಲ್ಪ, ಸೊಂಟದಲ್ಲಿ ಅದಕ್ಕಿಂತ ಅರ್ಧ ಇಂಚು ಕಡಿಮೆ. ಸೀಮೆಸುಣ್ಣದಲ್ಲಿ ಗೆರೆ ಎಳೆದು, ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ, ಸೊಂಟದಿಂದ 8 ಇಂಚು ಕೆಳಗಿನವರೆಗೆ ಮಾತ್ರ ಗಟ್ಟಿಯಾಗಿ ಹೊಲಿದೆ. ಅಲ್ಲಿಂದ ಕೆಳಗೆ ನೆರಿಗೆ ಬಿಡುಬೀಸು. ಹೊಲಿದ ಭಾಗದ ಒಳಗಿನ ಪದರವನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ ತೆಗೆದು, ಆ ಜಾಗಕ್ಕೆ ಕೋಟಿಗೆ ಹಾಕುವ ಕ್ಯಾನ್ವಾಸ್ ಕೊಟ್ಟೆ. ಇದು ಕಿಲ್ಟ್ ಹೊಲಿಯುವವರ ಹಳೆಯ ಉಪಾಯ. ಸೊಂಟ ಉಬ್ಬಿ ನಿಲ್ಲದಂತೆ ಕಾಯುವುದು ಇದೇ.

ಮಿಷನ್ ವಿಷಯದಲ್ಲಿ ನಮ್ಮೂರಿನ ಟೈಲರ್ ಒಬ್ಬರು ಮೊದಲೇ ಹೇಳಿದ್ದರು, "18ನೇ ನಂಬರ್ ಸೂಜಿ ಹಾಕು ಮಾರಾಯ, ಟಾಕೆ ಉದ್ದ ಮಾಡು, ಎಳೀಬೇಡ." ಹಾಗೇ ಮಾಡಿದೆ. ಕಾಲಲ್ಲಿ ತುಳಿಯುವ ಹಳೇ ಮಿಷನ್ನೇ ಸಲೀಸಾಗಿ ಹೊಲಿಯಿತು.

ಇಸ್ತ್ರಿ ಅಂದರೆ ಅರ್ಧ ಕೆಲಸ. ಒದ್ದೆ ಹತ್ತಿ ಬಟ್ಟೆ ಹಾಸಿ, ಇದ್ದಿಲ ಇಸ್ತ್ರಿ ಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಹಿಡಿಯಬೇಕು. ಆವಿ ಏಳುತ್ತಿರುವಾಗಲೇ ಪೆಟ್ಟಿಗೆ ತೆಗೆದು, ಒಣ ಹಲಸಿನ ಹಲಗೆ ಹೇರಿ, ಪೂರ್ತಿ ಆರುವ ತನಕ ಬಿಡಬೇಕು. ಉಣ್ಣೆ ಬಿಸಿಯಲ್ಲಿ ಬಾಗಿ ತಣ್ಣಗಾಗುವಾಗ ಆ ಆಕಾರ ಹಿಡಿಯುತ್ತದೆ. ಹಲಗೆ ಎತ್ತಿದಾಗ ಅಷ್ಟು ದಪ್ಪ ರಗ್ಗಿನಲ್ಲೂ ನೆರಿಗೆಯ ಅಂಚು ಗೆರೆ ಎಳೆದ ಹಾಗೆ ಕಾಣುತ್ತಿತ್ತು. ನನಗೆ ಅತಿ ಖುಷಿ ಕೊಟ್ಟ ಘಳಿಗೆ ಅದು.

ಬಲಗಡೆ ಬಕಲ್ ಎರಡು, ಎಡಗಡೆ ಒಂದು. ಚರ್ಮದ ಪಟ್ಟಿ ಚಪ್ಪಲಿ ಹೊಲಿಯುವವರ ಹತ್ತಿರ ಮಾಡಿಸಿದೆ. ಮುಂದಿನ ಎರಡು ಚಪ್ಪಟೆ ಭಾಗಗಳಲ್ಲಿ ಮೇಲೆ ಬರುವುದು ಎಡದಿಂದ ಬಲಕ್ಕೆ ಬಂದು ಬಲಗಡೆ ಮುಗಿಯಬೇಕು.

ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಹಾಗಾಗಿ ಇಬ್ಬನಿಗೆ ಹೆದರಬೇಕಾಗಿಲ್ಲ. ಮಳೆಗಾಲದಲ್ಲಿ ಮಾತ್ರ ಜೋಪಾನ. ನಾನು ಒಣಗಿದ ಲಕ್ಕಿ ಸೊಪ್ಪು ಮಧ್ಯೆ ಇಟ್ಟು, ನೆರಿಗೆ ಉದ್ದಕ್ಕೆ ಸುತ್ತಿ, ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಬಿಸಿಲು ಬಿದ್ದ ದಿನ ಹೊರಗೆ ಹಾಕಿ ಕೊಡವಿದರೆ ಹುಳವೂ ಹತ್ತುವುದಿಲ್ಲ, ಬೂಷ್ಟೂ ಹಿಡಿಯುವುದಿಲ್ಲ.